ಎಲ್ಲರ ವಿಳಾಸ ಬಲ್ಲ ಪೆಟ್ಟಿಗೆ

ಮುಂಬೈ ವಿಮಾನ ನಿಲ್ದಾಣದಿಂದ ಚೆನ್ನೈ ವಿಮಾನ ನಿಲ್ದಾಣಕ್ಕೆ ಭೂಪಟದ ಮೇಲೆ ಅಡ್ಡಪಟ್ಟಿ ಇಟ್ಟು ಗೆರೆ ಎಳೆದು ನೋಡಿ. ಗೆರೆ ಹೆಚ್ಚುಕಡಿಮೆ ಮಸ್ಕಿಯ ನೆತ್ತಿಯ ಮೇಲೆ ಹಾಯುತ್ತದೆ. ಗೋವಾ-ಹೈದರಾಬಾದ್ ಗೆರೆ ಎಳೆದರೆ ಲಿಂಗಸುಗೂರಿನ ತುಸು ಉತ್ತರಕ್ಕೆ, ಬೆಂಗಳೂರು-ದಿಲ್ಲಿ ಗೆರೆ ಎಳೆದರೆ ರಾಯಚೂರಿನ ಆಚೆ. ವಿಮಾನಗಳು ಅಡ್ಡಪಟ್ಟಿ ಹಿಡಿದೇ ಹಾರಬೇಕೆಂದು ಕಾನೂನಿಲ್ಲ, ನಿಜ. ಆದರೂ ಸಿಂಧನೂರಿನಲ್ಲಿ ಮಾಳಿಗೆ ಹತ್ತಿ ಕೂತರೆ ಸಂಜೆಯ ಆಕಾಶದಲ್ಲಿ ಬಿಳಿ ಗೆರೆಗಳಿಗೇನೂ ಬರವಿಲ್ಲ. ಇಳಿಯುವವರು ಯಾರೂ ಇಲ್ಲ, ಅಷ್ಟೆ. ನಮ್ಮೂರಿಗೆ ರೈಲು ಬಂದದ್ದೇ 2024ರಲ್ಲಿ. ವಿಮಾನದ ಮಾತು ಎತ್ತುವುದು ದುರಾಸೆಯಾದೀತು.

ಹಾದುಹೋಗುವವರನ್ನು ಸುಮ್ಮನೆ ಬಿಡುವುದು ನಮ್ಮ ಸೀಮೆಯ ಪದ್ಧತಿಯಲ್ಲ. ಕಟ್ಟೆಯ ಮುಂದೆ ಹೊಸ ಮುಖ ಕಂಡರೆ "ಯಾವೂರ್ರಿ? ಯಾರ ಮನಿಗಿ ಹೊಂಟೀರಿ?" ಎಂದು ಕೇಳಿದ ಮೇಲೇ ಮುಂದಿನ ಮಾತು. ನನ್ನ ತಂಗಿಯ ಮಗ ಇದೇ ಪ್ರಶ್ನೆಯನ್ನು ಮೂವತ್ತೈದು ಸಾವಿರ ಅಡಿ ಮೇಲಿನವರಿಗೂ ಕೇಳಲು ಹೊರಟ. ಎಂಜಿನಿಯರಿಂಗ್ ಓದಿ, ಬೆಂಗಳೂರಿನ ಕೆಲಸವನ್ನು ಸಿಂಧನೂರಿನ ಪಡಸಾಲೆಯಲ್ಲಿ ಕೂತು ಮಾಡುವ ಹುಡುಗ. ಹಗಲು ಕಂಪನಿಯದು, ರಾತ್ರಿ ಅವನದೇ ಎಂಬ ವಯಸ್ಸು.

ಕೇಳುವ ಅಗತ್ಯವೂ ಇಲ್ಲವೆಂದು ಅವನಿಂದಲೇ ನನಗೆ ತಿಳಿದದ್ದು. ವಿಮಾನಗಳು ತಾವಾಗಿಯೇ ಹೇಳಿಕೊಳ್ಳುತ್ತ ಹೋಗುತ್ತವೆ. ಇದಕ್ಕೆ ಎಡಿಎಸ್-ಬಿ ಎಂದು ಹೆಸರು. 1090 ಮೆಗಾಹರ್ಟ್ಜ್ ತರಂಗದ ಮೇಲೆ ನಾನು ಇಂಥ ವಿಮಾನ, ಇಂಥ ಕಡೆ ಇದ್ದೇನೆ, ಇಷ್ಟು ಎತ್ತರ, ಇಷ್ಟು ವೇಗ ಎಂದು ಪ್ರತಿ ವಿಮಾನವೂ ಬಿಡದೆ ಸಾರುತ್ತದೆ. ಎಲ್ಲಿದ್ದೇನೆ ಎನ್ನುವುದನ್ನು ಸೆಕೆಂಡಿಗೆ ಎರಡು ಸಲ. ಒಂದೊಂದು ಸಂದೇಶ 112 ಬಿಟ್, ಹೇಳಿ ಮುಗಿಸಲು ಬೇಕಾದ ಹೊತ್ತು ಸೆಕೆಂಡಿನ ಹತ್ತು ಲಕ್ಷದಲ್ಲಿ 120 ಭಾಗ. ಗುರುತು ಸಂಖ್ಯೆ 80ರಿಂದ ಶುರುವಾದರೆ ಅದು ನಮ್ಮ ದೇಶದ ವಿಮಾನ. ಗುಟ್ಟಿನ ಲಿಪಿ ಏನೂ ಇಲ್ಲ. ಕಿವಿ ಇದ್ದವರೆಲ್ಲ ಕೇಳಬಹುದು. ಎದುರುಬದುರು ಬರುವವರು ಒಬ್ಬರನ್ನೊಬ್ಬರು ಅರಿಯಲೆಂದೇ ಮಾಡಿದ ಏರ್ಪಾಡು, ಗುಟ್ಟು ಮಾಡಿದರೆ ಉಪಯೋಗವೇನು?

ಕಿವಿ ಕಟ್ಟುವುದೂ ಈಗ ದೊಡ್ಡ ಖರ್ಚಿನ ಕೆಲಸವಲ್ಲ. ಕಂಪ್ಯೂಟರಿನಲ್ಲಿ ಟಿವಿ ನೋಡಲೆಂದು ಮಾರುತ್ತಿದ್ದ ಒಂದು ಅಗ್ಗದ ಡಾಂಗಲ್ ಟಿವಿ ಮಾತ್ರವಲ್ಲ, ಸಿಕ್ಕ ತರಂಗವನ್ನೆಲ್ಲ ಹಿಡಿಯಬಲ್ಲದೆಂದು 2012ರಲ್ಲಿ ಹವ್ಯಾಸಿಗಳು ಪತ್ತೆ ಮಾಡಿದರು. ಅಂಗೈಯಗಲದ ರಾಸ್ಪ್‌ಬೆರಿ ಪೈ ಕಂಪ್ಯೂಟರಿಗೆ ಅದನ್ನು ಚುಚ್ಚಿ, ಅಮೆರಿಕದ ಸಣ್ಣ ವಿಮಾನಗಳ ಪೈಲಟ್‌ಗಳು ತಮಗಾಗಿ ಬೆಳೆಸಿಕೊಂಡ ಸ್ಟ್ರಾಟಕ್ಸ್ ಎಂಬ ಪುಕ್ಕಟೆ ತಂತ್ರಾಂಶ ಹಾಕಿದರೆ ಪೆಟ್ಟಿಗೆ ಸಿದ್ಧ. ಆಂಟೆನಾ ಬೇಕಲ್ಲ? 1090ರ ಅಲೆಯ ಉದ್ದ 27.5 ಸೆಂಟಿಮೀಟರ್, ಅದರ ಕಾಲು ಭಾಗ ಸುಮಾರು 6.9. ಸೈಕಲ್ ಅಂಗಡಿಯವನಿಂದ ಗಾಲಿಯ ಒಂದು ಕಡ್ಡಿ ಇಸಿದುಕೊಂಡು ಬಂದು ಅಷ್ಟುದ್ದ ಕತ್ತರಿಸಿದ. ಅಂಗಡಿಯವನು ದುಡ್ಡು ತೆಗೆದುಕೊಳ್ಳಲಿಲ್ಲ. ಗಾಲಿಗೆ ಹಾಕದ ಕಡ್ಡಿಗೆ ಎಷ್ಟು ರೇಟು ಹೇಳಬೇಕೋ ಗೊತ್ತಾಗಲಿಲ್ಲವಂತೆ.

ಚಾಲೂ ಮಾಡಿದ ಮೊದಲ ಸಂಜೆಯೇ ವಿಮಾನಗಳು ಸಾಲುಗಟ್ಟಿ ಬಂದವು. ಚೆನ್ನೈಗೆ ಹೋಗುವುದು, ದಿಲ್ಲಿಗೆ ಹೋಗುವುದು, ಹೆಸರೇ ಕೇಳದ ದೇಶದ್ದು. ಎತ್ತರ, ವೇಗ, ಅಕ್ಷಾಂಶ, ರೇಖಾಂಶ ಎಲ್ಲ ಚೊಕ್ಕ. ಆದರೆ "ನಮ್ಮಿಂದ ಎಷ್ಟು ದೂರ, ಯಾವ ದಿಕ್ಕು" ಎನ್ನುವ ಖಾನೆಗಳು ಮಾತ್ರ ಖಾಲಿ.

"ಮಾಮಾ, ಮಂದಿ ಎಲ್ಲಾರೂ ಎಲ್ಲೆಲ್ಲಿ ಅದಾರ ಅಂತ ಇದಕ್ಕ ಗೊತ್ತದ. ತಾ ಎಲ್ಲದ ಅಂತ ಗೊತ್ತಿಲ್ಲ," ಎಂದ.

ಇಂಥವರು ನಮ್ಮ ಓಣಿಯಲ್ಲೂ ಇದ್ದಾರೆ ಎಂದು ನಾನು ಹೇಳಬಹುದಿತ್ತು. ಹೇಳಲಿಲ್ಲ.

ಪೆಟ್ಟಿಗೆಗೆ ತನ್ನ ಜಾಗ ತಿಳಿಸಲು ಬೇರೆಯದೇ ಜಿಪಿಎಸ್ ಗುಂಡಿ ಇತ್ತು. ಕರಿ ಪ್ಲಾಸ್ಟಿಕ್ಕಿನ ಪುಟ್ಟ ಡಬ್ಬಿ, ಕೆಳಗೆ ಅಯಸ್ಕಾಂತ. ಉಪಗ್ರಹ ಸಿಕ್ಕರೆ ಅದರ ದೀಪ ಸೆಕೆಂಡಿಗೊಮ್ಮೆ ಮಿಣುಕಬೇಕು. ಮಿಣುಕಲಿಲ್ಲ. ವಿಮಾನ ಇಷ್ಟು ಸಲೀಸಾಗಿ ಕೇಳುವ ಯಂತ್ರಕ್ಕೆ ಉಪಗ್ರಹ ಯಾಕೆ ಕೇಳಿಸದು? ಲೆಕ್ಕ ಹಾಕಿದರೆ ಸಿಟ್ಟು ತಾನಾಗಿ ಇಳಿಯುತ್ತದೆ. ದೊಡ್ಡ ವಿಮಾನದ ಟ್ರಾನ್ಸ್‌ಪಾಂಡರ್ ಹತ್ತಾರು ಕಿಲೋಮೀಟರ್ ದೂರದಿಂದ ನೂರಾರು ವ್ಯಾಟ್ ಬಲದಲ್ಲಿ ಕೂಗುತ್ತದೆ. ಜಿಪಿಎಸ್ ಉಪಗ್ರಹ ಇರುವುದು 20,200 ಕಿಲೋಮೀಟರ್ ಎತ್ತರದಲ್ಲಿ, ಕಳಿಸುವುದು ಕೆಲವೇ ಹತ್ತು ವ್ಯಾಟ್, ಅದೂ ಅರ್ಧ ಭೂಮಿಗೆ ಹಂಚಿ. ಸಿಂಧನೂರಿಗೆ ಬಂದು ಮುಟ್ಟುವಾಗ ಒಂದು ವ್ಯಾಟನ್ನು ನೂರು ಕೋಟಿ-ಕೋಟಿ ಪಾಲು ಮಾಡಿದರೆ ಸಿಗುವ ಒಂದು ಪಾಲು ಉಳಿದಿರುತ್ತದೆ. ರಿಸೀವರಿನ ಸ್ವಂತ ಗುಂಯ್‌ಗುಡುವಿಕೆಯೇ ಅದಕ್ಕಿಂತ ದೊಡ್ಡದು. ಭತ್ತದ ಗಿರಣಿ ಪೂರಾ ಓಡುವಾಗ ಮೂಲೆಯಲ್ಲಿ ಕೂತ ಮುದುಕಿ ಏನೋ ಪಿಸುಗುಟ್ಟುತ್ತಾಳೆ. ಏನು ಹೇಳುತ್ತಾಳೆಂದು ಮೊದಲೇ ಗೊತ್ತಿದ್ದವನಿಗೆ ಮಾತ್ರ ಆ ಮಾತು ಸಿಗುತ್ತದೆ. ಜಿಪಿಎಸ್ ನಡೆಯುವುದು ಹಾಗೆ. ಪ್ರತಿ ಉಪಗ್ರಹ ಹಾಡುವ ಸಂಕೇತದ ಹಾಡು ರಿಸೀವರಿಗೆ ಬಾಯಿಪಾಠ. ಗದ್ದಲದೊಳಗೆ ಅದನ್ನು ಹೊಂದಿಸಿ ಹೊಂದಿಸಿ ಹುಡುಕುತ್ತದೆ. ಅಂಥ ನಾಲ್ಕು ಸಿಗಬೇಕು. ಮೂರು ಜಾಗ ಹೇಳಲು, ನಾಲ್ಕನೆಯದು ಗಡಿಯಾರ ಸರಿಮಾಡಲು.

ಮೊದಲ ತಪ್ಪು ಕಣ್ಣಿಗೇ ಕಾಣುತ್ತಿತ್ತು. ಹುಡುಗ ಇಡೀ ಸಾಮಾನನ್ನು ಚೂಡಾ ತುಂಬಿಡುತ್ತಿದ್ದ ಸ್ಟೀಲ್ ಡಬ್ಬಿಯಲ್ಲಿಟ್ಟು ಮುಚ್ಚಿದ್ದ. ಸೈಕಲ್ ಕಡ್ಡಿಗೆ ಮಾತ್ರ ತೂತು ಕೊರೆದು ಹೊರಗೆ ಬಿಟ್ಟಿದ್ದ. ನೋಡಲು ಚೆಂದ, ಇಲಿಗೂ ಭಯವಿಲ್ಲ. ಆದರೆ ಲೋಹದ ಡಬ್ಬಿಯೊಳಗೆ ರೇಡಿಯೊ ಅಲೆ ಹೋಗುವುದಿಲ್ಲ. ಜಿಪಿಎಸ್ ಗುಂಡಿ ಹೊರಬಂತು. ಆಮೇಲೆ ಮನೆಯೊಳಗಿನಿಂದ ಮಾಳಿಗೆಗೆ ಹೋಯಿತು, ಏಕೆಂದರೆ ಸ್ಲ್ಯಾಬಿನ ಕೆಳಗೂ ಕತೆ ಅದೇ. ನಮ್ಮ ಹಳೆ ಮನೆಯ ಮಣ್ಣಿನ ಮಾಳಿಗೆ ಸೆಕೆ ತಡೆಯುವಷ್ಟೇ ನಿಷ್ಠೆಯಿಂದ ಉಪಗ್ರಹವನ್ನೂ ತಡೆಯುತ್ತಿತ್ತು.

ಮಾಳಿಗೆಯ ಮೇಲೆ ಹೋದ ಕೂಡಲೇ ವಿಷಯ ಸಾರ್ವಜನಿಕವಾಯಿತು. ಪಕ್ಕದ ಮನೆಯ ಹಿರಿಯರು ಗೋಡೆಯಾಚೆಯಿಂದ ನೋಡಿ, ಪೆಟ್ಟಿಗೆಯನ್ನು ಈಶಾನ್ಯಕ್ಕೆ ಇಡಬೇಕೆಂದರು. ವಾಸ್ತು ಬಿಟ್ಟರೆ ಯಾವುದೂ ಹತ್ತುವುದಿಲ್ಲವಂತೆ. ಇಲ್ಲಿ ಒಂದು ತಮಾಷೆ ಇದೆ. ಜಿಪಿಎಸ್ ಉಪಗ್ರಹಗಳು ಓಡಾಡುತ್ತಿರುತ್ತವೆ, ಅವಕ್ಕೆ ದಿಕ್ಕಿನ ಹಂಗಿಲ್ಲ. ಆದರೆ ಅವುಗಳ ಲೆಕ್ಕವನ್ನು ತಿದ್ದಿ ಹೇಳುವ ನಮ್ಮದೇ ಗಗನ್ ವ್ಯವಸ್ಥೆ ಇದೆಯಲ್ಲ, ಬೆಂಗಳೂರಿನ ಕುಂದಲಹಳ್ಳಿಯ ಕೇಂದ್ರದಿಂದ ನಡೆಯುವುದು, ಅದರ ಜಿಸ್ಯಾಟ್-8 ಉಪಗ್ರಹ 55 ಡಿಗ್ರಿ ಪೂರ್ವ ರೇಖಾಂಶದಲ್ಲಿ ಕದಲದೆ ನಿಂತಿದೆ. ಸಿಂಧನೂರಿನಿಂದ ನೋಡಿದರೆ ಅದು ಹೆಚ್ಚುಕಡಿಮೆ ನೈರುತ್ಯ. ವಾಸ್ತುವಿನಲ್ಲಿ ನೈರುತ್ಯ ಯಾರ ಮೂಲೆ ಎಂದು ಹಿರಿಯರಿಗೆ ನೆನಪಿಸುವ ಧೈರ್ಯ ನಮ್ಮಿಬ್ಬರಿಗೂ ಬರಲಿಲ್ಲ. ಪೆಟ್ಟಿಗೆಯನ್ನು ಈಶಾನ್ಯಕ್ಕೇ ಇಟ್ಟೆವು. ಆಕಾಶ ಅಲ್ಲಿಂದಲೂ ಅಷ್ಟೇ ಕಾಣುತ್ತದೆ.

ಆದರೂ ಲಾಕ್ ಇಲ್ಲ, ಅಂದರೆ ಬೇಕಾದ ನಾಲ್ಕು ಉಪಗ್ರಹ ಒಟ್ಟಿಗೆ ಸಿಗುತ್ತಿಲ್ಲ. ಪರದೆಯ ಮೇಲೆ ಒಂದು ಉಪಗ್ರಹ ಬರುವುದು, ಎರಡು ಬರುವುದು, ಮೂರನೆಯದು ಇಣುಕುವಷ್ಟರಲ್ಲಿ ಮೊದಲನೆಯದು ಹೋಗುವುದು.

ಆಗ ಶುರುವಾಯಿತು ಸಂಶಯದ ಕಾಲ. ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಮಾಸ್ ಲ್ಯಾಂಡಿಂಗ್ ಎಂಬ ಮೀನುಗಾರಿಕೆ ಬಂದರಿದೆ. 2001ರಲ್ಲಿ ಅಲ್ಲಿಯ ದೋಣಿಗಳ ಜಿಪಿಎಸ್ ಒಟ್ಟೊಟ್ಟಿಗೆ ಕೈಕೊಟ್ಟಿತು. ಉಪಕರಣ ಹೊತ್ತುಕೊಂಡು ತಜ್ಞರು ಬಂದರನ್ನೆಲ್ಲ ಜಾಲಾಡಿದರು. ಕೊನೆಗೆ ಸಿಕ್ಕ ಕಳ್ಳ ಯಾರೆಂದರೆ, ದೋಣಿಗಳ ಮೇಲಿದ್ದ ಸಾಧಾರಣ ಟಿವಿ ಆಂಟೆನಾದೊಳಗಿನ ಬೂಸ್ಟರ್. ಅದು ಕೆಟ್ಟು, ಹಿಡಿಯುವ ಬದಲು ತಾನೇ ಅಲೆ ಬಿಡತೊಡಗಿತ್ತು. ಈ ಕತೆ ಎಲ್ಲೋ ಓದಿದ ಹುಡುಗ ನಮ್ಮ ಓಣಿಯ ಟಿವಿಗಳ ಕಡೆ ನೋಡತೊಡಗಿದ. ಎದುರು ಮನೆಯ ಅಕ್ಕನವರಿಗೆ ಹತ್ತು ನಿಮಿಷ ಟಿವಿ ಬಂದ್ ಮಾಡಲು ಕೇಳಿಕೊಂಡ. ಕೇಳಿದ್ದು ಧಾರಾವಾಹಿಯ ಹೊತ್ತಿನಲ್ಲಿ. ಅವರು ಮರ್ಯಾದೆಗೆ ಬಂದ್ ಮಾಡಿದರು, ಉಪಗ್ರಹ ಬರಲಿಲ್ಲ, ಆ ಸಂಜೆ ಧಾರಾವಾಹಿಯಲ್ಲಿ ಯಾರೋ ಸತ್ತದ್ದು ಅವರಿಗೆ ಮರುದಿನ ಇನ್ನೊಬ್ಬರ ಬಾಯಿಂದ ತಿಳಿಯಿತು. ಬಾಂಧವ್ಯ ಸರಿಹೋಗಲು ತಂಗಿ ಒಂದು ಡಬ್ಬಿ ಕರ್ಚಿಕಾಯಿ ಕೊಟ್ಟು ಬರಬೇಕಾಯಿತು.

ದಾರಿ ತೋರಿಸಿದವನು ಡ್ರೋನ್ ಹುಡುಗ. ನಮ್ಮ ಕಡೆ ತುಂಗಭದ್ರಾ ಎಡದಂಡೆ ಕಾಲುವೆಯ ನೀರು, ಕಣ್ಣು ಹಾಯುವವರೆಗೆ ಭತ್ತ, ಔಷಧಿ ಹೊಡೆಯಲು ಆಳು ಸಿಗದ ಕಾಲ. ಹೀಗಾಗಿ ಡ್ರೋನ್ ಈಗ ಗದ್ದೆಯ ಮೇಲೆ ಹೊಸದಲ್ಲ. ರಾಯಚೂರಿನ ಕೃಷಿ ವಿಶ್ವವಿದ್ಯಾಲಯದವರೂ ಅದರ ಮೇಲೆ ಸಂಶೋಧನೆ ಮಾಡಿದ್ದಾರೆ. ಕ್ಯಾಂಪಿನ ಕಡೆಯ ಒಂದು ಗದ್ದೆಯಲ್ಲಿ ಕೆಲಸ ಮುಗಿಸಿ ಬಂಡಿಗೆ ಯಂತ್ರ ಏರಿಸುತ್ತಿದ್ದ ಅವನನ್ನು ನಮ್ಮವನು ಹಿಡಿದ. ಅವನು ತನ್ನ ಡ್ರೋನಿನ ಬೆನ್ನ ಮೇಲೆ ನಿಂತ ಗೇಣುದ್ದದ ಕಂಬ ತೋರಿಸಿದ. ತುದಿಗೆ ಅಣಬೆಯಾಕಾರದ ಬಿಲ್ಲೆ.

"ಜಿಪಿಎಸ್ ಇದ್ರಾಗ ಅದರಿ ಸರ್. ಕೆಳಗ ಮೋಟಾರು, ವೈರು ಎಲ್ಲಾ ಗದ್ದಲ ಮಾಡ್ತಾವ. ಅದಕ್ಕ ಮ್ಯಾಲೆ ಏರಿಸಿಟ್ಟಾರ. ನಿಮ್ದು ಎಲ್ಲಿಟ್ಟೀರಿ?"

ನಮ್ಮದು ಪೈ ಕಂಪ್ಯೂಟರಿಗೆ ನೇರ ಅಂಟಿಕೊಂಡು, ಟಿವಿ ಡಾಂಗಲಿನ ಮೈಗೆ ಮೈ ಒತ್ತಿ ಕೂತಿತ್ತು. ಗದ್ದಲದವನು ಎದುರು ಮನೆಯಲ್ಲಿ ಇರಲೇ ಇಲ್ಲ, ಪೆಟ್ಟಿಗೆಯೊಳಗೇ ಇದ್ದ. ಟಿವಿ ಡಾಂಗಲ್ಲಿಗೆ ಪ್ಲಾಸ್ಟಿಕ್ ಕವಚ, ತನ್ನ ಸದ್ದು ತನ್ನೊಳಗೆ ಇಟ್ಟುಕೊಳ್ಳುವ ಅಭ್ಯಾಸವಿಲ್ಲ. ಯುಎಸ್‌ಬಿ 3.0 ತಂತಿ 2.4 ಗಿಗಾಹರ್ಟ್ಜ್ ಸುತ್ತಮುತ್ತ ಗದ್ದಲ ಎಬ್ಬಿಸುತ್ತದೆಂದು ಇಂಟೆಲ್ ಕಂಪನಿ 2012ರಲ್ಲೇ ಬರೆದಿಟ್ಟಿದೆ; ಆ ಗದ್ದಲದ ಹರವು ದೊಡ್ಡದು, ಜಿಪಿಎಸ್ ಕೂತಿರುವ 1575.42 ಮೆಗಾಹರ್ಟ್ಜ್ ಜಾಗವೂ ಅದರ ದಾರಿಯಲ್ಲೇ ಬರುತ್ತದೆ. ನಮ್ಮವನು ಜಿಪಿಎಸ್ ಗುಂಡಿಯನ್ನು ಚುಚ್ಚಿದ್ದು ಸರಿಯಾಗಿ ಆ ಯುಎಸ್‌ಬಿ 3.0ರ ನೀಲಿ ತೂತಿಗೇ. ಪಕ್ಕದಲ್ಲಿ ಎಚ್‌ಡಿಎಂಐ ತಂತಿ. ಇವೆಲ್ಲಕ್ಕೂ ಕರೆಂಟು ಕೊಡುತ್ತಿದ್ದದ್ದು ಜಾತ್ರೆಯಲ್ಲಿ ಕೊಂಡ ಮೊಬೈಲ್ ಚಾರ್ಜರು.

ಬದಲಾವಣೆಗಳು ಒಂದರ ಹಿಂದೊಂದು ನಡೆದವು. ಚಾರ್ಜರ್ ಹೋಗಿ ಪವರ್‌ಬ್ಯಾಂಕ್ ಬಂತು. ಪರದೆಯ ತಂತಿ ಕಿತ್ತು, ಫೋನಿನಲ್ಲೇ ನೋಡುವುದಾಯಿತು. ಮೀಟರ್ ಉದ್ದದ ಯುಎಸ್‌ಬಿ ತಂತಿ ತಂದು, ಕರಿ ತೂತಿಗೆ ಚುಚ್ಚಿ, ಗುಂಡಿಯನ್ನು ದೂರಕ್ಕೆ ಒಯ್ದ. ಇನ್ನು ಅದರ ಕೆಳಗೆ ಲೋಹದ ಹಾಸು ಬೇಕು. ಈ ಶಾಸ್ತ್ರ ವಿಚಿತ್ರ: ಲೋಹ ಮೇಲಿದ್ದರೆ ವಿಷ, ಕೆಳಗಿದ್ದರೆ ಅಮೃತ. ಗುಂಡಿಯೊಳಗಿನ ಚೌಕ ಪಿಂಗಾಣಿ ಆಂಟೆನಾಕ್ಕೆ ಕೆಳಗೊಂದು ಲೋಹದ ನೆಲ ಸಿಕ್ಕರೆ ಮೇಲಿನದು ಚೆನ್ನಾಗಿ ಕೇಳಿಸುತ್ತದೆ, ಕೆಳಗಿನ ಗೋಡೆ-ನೆಲಕ್ಕೆ ಬಡಿದು ಬರುವ ಮಾರುಲಿ ಕಡಿಮೆಯಾಗುತ್ತದೆ. ಊಟದ ತಾಟಿನ ಮೇಲಿಟ್ಟ. ಅಯಸ್ಕಾಂತ ಅಂಟಲಿಲ್ಲ, ಒಳ್ಳೆ ಸ್ಟೀಲು. ಗಾಳಿಗೆ ಜಾರಿತು. ಆಮೇಲೆ ಅಡುಗೆಮನೆಯಿಂದ ಜೋಳದ ರೊಟ್ಟಿ ಬೇಯಿಸುವ ಕಬ್ಬಿಣದ ಹಂಚು ಮಾಳಿಗೆ ಹತ್ತಿತು. ಅದಕ್ಕೆ ಗುಂಡಿ ಠಪ್ಪೆಂದು ಕಚ್ಚಿಕೊಂಡಿತು.

ಆದರೂ ಇವನಿಗೆ ತಾಳ್ಮೆಯಿಲ್ಲ. ದೀಪ ಮಿಣುಕದಿದ್ದರೆ ಕಿತ್ತು ಮತ್ತೆ ಚುಚ್ಚುವುದು. ಪ್ರತಿ ಉಪಗ್ರಹವೂ ತಾನು ಎಲ್ಲಿದ್ದೇನೆಂಬ ಪಟ್ಟಿಯನ್ನು ಸೆಕೆಂಡಿಗೆ 50 ಬಿಟ್‌ನಂತೆ ನಿಧಾನವಾಗಿ ಓದುತ್ತದೆ, ಒಂದು ಆವೃತ್ತಿ ಮುಗಿಯಲು 30 ಸೆಕೆಂಡು ಬೇಕು. ನಡುವೆ ಕಡಿದರೆ ಮೊದಲಿಂದ. ಉಳಿದೆಲ್ಲ ಉಪಗ್ರಹಗಳ ಪಂಚಾಂಗ ಪೂರ್ತಿ ಕೇಳಬೇಕೆಂದರೆ ಹನ್ನೆರಡೂವರೆ ನಿಮಿಷ. ಎಲ್ಲೋ ದೂರದ ಕಾರ್ಖಾನೆಯಿಂದ ಹೊರಟು ಗೋದಾಮುಗಳಲ್ಲಿ ಮಲಗಿ ಬಂದ ಗುಂಡಿಗೆ ಇದು ಸಿಂಧನೂರು ಎಂಬ ಕಲ್ಪನೆಯೇ ಇಲ್ಲ, ಅದು ಇಡೀ ಆಕಾಶ ತಡಕಬೇಕು. ಹುಡುಗನನ್ನು ಅದರಿಂದ ದೂರ ಇಡುವುದೇ ಉಪಾಯವೆಂದು ನಾನು ಅವನನ್ನು ಒಗ್ಗರಣಿ-ಮಿರ್ಚಿ ತಿನ್ನಲು ಎಬ್ಬಿಸಿಕೊಂಡು ಹೋದೆ. ಮಂಡಾಳಿನ ಒಗ್ಗರಣೆ, ಬಿಸಿ ಮಿರ್ಚಿ, ಮೇಲೆ ಚಹಾ. ಅವಸರದಲ್ಲಿ ತಿನ್ನುವ ಪದಾರ್ಥವಲ್ಲ ಅದು, ನಾಲಗೆ ಸುಡುತ್ತದೆ. ಬಂದು ನೋಡಿದರೆ ಹಂಚಿನ ಮೇಲೆ ನೀಲಿ ದೀಪ ಮಿಣುಕುತ್ತಿತ್ತು. ಖಾಲಿ ಖಾನೆಗಳು ತುಂಬಿದ್ದವು. ಪಟ್ಟಿಯಲ್ಲಿ 127 ಎಂಬ ಸಂಖ್ಯೆಯೂ ಇತ್ತು. ಅದು ಗಗನ್, ನೈರುತ್ಯದ ಗಿರಾಕಿ.

ಕೆಳಗಿನಿಂದ ತಂಗಿಯ ದನಿ: "ಅಣ್ಣಾ, ನಿಮ್ಮ ಉಪಗ್ರಹ ರೊಟ್ಟಿ ತಿಂತಾವೇನು? ಹಂಚು ಕಳಸ್ರಿ."

ಯಂತ್ರ ಸರಿಯಾದರೆ ಸಾಲದು, ಅದನ್ನು ಊರೂರು ತಿರುಗಿಸಿ ನೋಡಬೇಕು. ಸಿಂಧನೂರಿನಿಂದ ಮಸ್ಕಿ, ಅಲ್ಲಿಂದ ಲಿಂಗಸುಗೂರು, ರಾಷ್ಟ್ರೀಯ ಹೆದ್ದಾರಿ 150ಎ. ಗುಂಡಿ ಕಾರಿನ ನೆತ್ತಿಯ ಮೇಲೆ ಕಚ್ಚಿಕೊಂಡಿತು, ಹಂಚಿನ ಅಗತ್ಯವೇ ಬೀಳಲಿಲ್ಲ. ಮಸ್ಕಿಯಲ್ಲಿ ಗುಡ್ಡ ಹತ್ತಿದೆವು. ಎತ್ತರ ಹೋದಷ್ಟೂ ದೂರದ ವಿಮಾನ ಸಿಗುತ್ತದೆ. ಮೂವತ್ತೈದು ಸಾವಿರ ಅಡಿಯಲ್ಲಿರುವುದು ಅಡ್ಡಿ ಏನೂ ಇಲ್ಲದಿದ್ದರೆ ನಾನೂರು ಕಿಲೋಮೀಟರ್ ದೂರದಿಂದಲೂ ಕೇಳಿಸಬಲ್ಲದು, ಆಮೇಲೆ ಭೂಮಿಯ ಬಾಗು ಅಡ್ಡ ಬರುತ್ತದೆ. ಅಲ್ಲಿ ನಿಂತವರಿಗೆ ಮುಂಬೈ-ಚೆನ್ನೈ ವಿಮಾನ ನಿಜಕ್ಕೂ ನೆತ್ತಿಯ ಮೇಲೆಯೇ. ಒಳಗಿದ್ದವರಿಗೆ ಕೆಳಗೆ ಮಸ್ಕಿ ಇದೆಯೆಂದು ಯಾರೂ ಹೇಳುವುದಿಲ್ಲ.

ಬಂಡೆಗಳ ಮರೆಗೆ, ಅಶೋಕನ ಶಾಸನದ ಹತ್ತಿರ ಹೋದಾಗ ಪೆಟ್ಟಿಗೆ ಮತ್ತೆ ತಾನೆಲ್ಲಿದ್ದೇನೆಂದು ಮರೆಯಿತು. ಕಲ್ಲಿಗೂ ಜಿಪಿಎಸ್‌ಗೂ ಆಗುವುದಿಲ್ಲ. ಹಾಗೆ ಮರೆಯಲು ಇದಕ್ಕಿಂತ ಒಳ್ಳೆಯ ಜಾಗ ಸಿಗುತ್ತಿರಲಿಲ್ಲ ಎನಿಸಿತು. ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿ ಬಿಡಿಸಿದ್ದು 1837ರಲ್ಲಿ. ಆಗಿನಿಂದ ಕಂಬ, ಬಂಡೆ ಎಲ್ಲ ಓದಿದರೂ ಬರೆಸಿದವನು ದೇವಾನಾಂಪ್ರಿಯ, ಪ್ರಿಯದರ್ಶಿ ಎಂಬ ಬಿರುದಿನ ಹಿಂದೆಯೇ ನಿಂತಿದ್ದ. ಸಿಂಹಳದ ಗ್ರಂಥಗಳನ್ನು ಹಿಡಿದು ಇವನೇ ಅಶೋಕ ಎಂದು ವಿದ್ವಾಂಸರು ತರ್ಕ ಕಟ್ಟಿದ್ದರು, ಕಲ್ಲಿನ ಸಾಕ್ಷಿ ಇರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನ ಹುಡುಕುತ್ತ ಈ ಗುಡ್ಡಕ್ಕೆ ಬಂದ. ಸಿಕ್ಕದ್ದು ಅಶೋಕ ಎಂಬ ಹೆಸರಿದ್ದ ಬಂಡೆ. ಎಚ್. ಕೃಷ್ಣಶಾಸ್ತ್ರಿಗಳು ಅದೇ ವರ್ಷ ಅದನ್ನು ಪ್ರಕಟಿಸಿದರು. ಆಮೇಲೆ ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉಡೇಗೋಳಗಳಲ್ಲೂ ಹೆಸರು ಸಿಕ್ಕಿತು. ಮಸ್ಕಿಯವರು ಮೊದಲ ಮಾನ ಬಿಟ್ಟುಕೊಡುವುದಿಲ್ಲ, ಬಿಡಲೂಬಾರದು.

ಬೀಡನ್‌ಗೆ ಬೇಕಿದ್ದ ಚಿನ್ನ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಇಂದಿಗೂ ತೆಗೆಯುತ್ತಿದ್ದಾರೆ. ನೂರಾರು ಮೀಟರ್ ಆಳದ ಸುರಂಗದಲ್ಲಿ ಯಾವ ಉಪಗ್ರಹವೂ ಇಣುಕದು. ಗಣಿಯ ಸರ್ವೇದವರು ಬಾವಿಯೊಳಗೆ ತೂಕ ಕಟ್ಟಿದ ತಂತಿ ಇಳಿಬಿಟ್ಟು ಮೇಲಿನ ದಿಕ್ಕನ್ನು ಕೆಳಗೆ ಒಯ್ಯುವ ಕ್ರಮವೊಂದಿದೆ. ಬ್ಯಾಟರಿ ಬೇಡ, ಲಾಕ್ ಬೇಡ. ಹುಡುಗನಿಗೆ ಇದು ಹೇಳಿದೆ. ಅವನು ಫೋನಿನಿಂದ ಕಣ್ಣೆತ್ತದೆ "ಹಾಂ" ಎಂದ.

ಲಿಂಗಸುಗೂರಿನ ಚಹಾ ಅಂಗಡಿಯ ಮುಂದೆ ಪೆಟ್ಟಿಗೆ ನೋಡಲು ಒಂದಿಷ್ಟು ಮಂದಿ ಸೇರಿದರು. ದೂರ, ದಿಕ್ಕು, ಎತ್ತರ ಎಲ್ಲ ಹೇಳುತ್ತದೆಂದು ತಿಳಿದ ಮೇಲೆ ಒಬ್ಬರು ಟವೆಲ್ ಹೆಗಲಿಗೇರಿಸಿ ಕೇಳಿದರು: "ಮುದಗಲ್ ಬಸ್ಸು ಎಲ್ಲಿಗೆ ಬಂದದ, ಅದೊಂದು ನೋಡ್ರಿ." ಆಗದೆಂದಾಗ ಅವರಿಗೆ ಪೆಟ್ಟಿಗೆಯ ಮೇಲಿನ ಅಭಿಮಾನ ಇಳಿಯಿತು.

ಮನೆಗೆ ಬಂದ ಮೇಲೆ ಹೊಸ ತಕರಾರು ಎದ್ದಿತು. ಸಿಂಧನೂರಿನ ಎತ್ತರವೆಂದು ಪೆಟ್ಟಿಗೆಯ ಒಳಪುಟಗಳಲ್ಲಿ ಎರಡು ಸಂಖ್ಯೆ. ಎರಡರ ನಡುವೆ ಸುಮಾರು 80 ಮೀಟರ್ ಅಂತರ. ಹಂಚು ಸರಿಸಿದ, ತಂತಿ ಬದಲಿಸಿದ, ಅಂತರ ಕದಲಲಿಲ್ಲ. ಅದು ಕೆಟ್ಟದ್ದಲ್ಲವೆಂದು ಆಮೇಲೆ ಓದಿ ತಿಳಿದ. ಜಿಪಿಎಸ್ ಮೊದಲು ಅಳೆಯುವುದು ಗಣಿತದ ನುಣುಪು ಭೂಮಿಯಿಂದ. ಇನ್ನೊಂದು ಸಂಖ್ಯೆ ಸಮುದ್ರಮಟ್ಟದಿಂದ, ಅದು ಅಷ್ಟು ನುಣುಪಲ್ಲ. ಗುರುತ್ವ ಕಡಿಮೆಯಿರುವಲ್ಲಿ ತಗ್ಗಿರುತ್ತದೆ, ಶ್ರೀಲಂಕೆಯ ದಕ್ಷಿಣದ ಹಿಂದೂ ಮಹಾಸಾಗರದಲ್ಲಿ 100 ಮೀಟರಿಗೂ ಹೆಚ್ಚು. ಲೋಕದಲ್ಲೇ ದೊಡ್ಡ ತಗ್ಗು ಅದು, ಅದರ ಇಳಿಜಾರು ನಮ್ಮವರೆಗೂ ಚಾಚಿದೆ. ಇನ್ನು ವಿಮಾನಗಳು ಸಾರುವ ಎತ್ತರ ಗಾಳಿಯ ಒತ್ತಡದ್ದು, ಅದು ಮೂರನೆಯ ಲೆಕ್ಕ.

ತಂಗಿಗೆ ಇದನ್ನೆಲ್ಲ ವಿವರಿಸಿ, ಹಂಚು ಇನ್ನೂ ನಾಲ್ಕು ದಿನ ಬೇಕೆಂದು ಹುಡುಗ ಕೇಳಿದ. ಸಮುದ್ರದ ತಗ್ಗು ನನ್ನ ರೊಟ್ಟಿಗೆ ಯಾಕೆ ಬರಬೇಕೆಂದು ಅವಳು ಹಂಚನ್ನು ಒಯ್ದಳು. ಅಟ್ಟದಲ್ಲಿ ಬಿದ್ದಿದ್ದ, ಬಿರುಕು ಬಿಟ್ಟ ಹಳೆಯದೊಂದನ್ನು ಬದಲಿಗೆ ಕೊಟ್ಟಿದ್ದಾಳೆ. ಬಿರುಕಿನಿಂದ ಸಂಕೇತಕ್ಕೆ ಏನಾದರೂ ಬಾಧೆಯಿದೆಯೇ ಎಂದು ಅವನೀಗ ಬೆಳಗು ಬೈಗು ಪಟ್ಟಿ ಬರೆಯುತ್ತಿದ್ದಾನೆ.